ಓಂಗರ ಕೆಂಪು

ಅಹಮದಾಬಾದಿನ ಮಣಿನಗರದ ಮೂರನೇ ಮಹಡಿಯ ಆ ಮನೆಯಲ್ಲಿ ಒಂದು ಕಬ್ಬಿಣದ ಕಪಾಟಿದೆ. ಅದರ ಮೇಲಿನ ಅಂಕಣದಲ್ಲಿ, ನ್ಯಾಯವಾಗಿ ಶಾಂತಾಬಾಯಿಯವರ ರೇಷ್ಮೆ ಸೀರೆಗಳು ಇರಬೇಕಾದ ಜಾಗದಲ್ಲಿ, ಹಳೆಯ ಚೀನೀ ಪತ್ರಿಕೆಗಳಿವೆ. ಮನೆಯ ಯಜಮಾನ ಭೀಮಸೇನರಾಯರಿಗೆ ಚೀನೀ ಭಾಷೆಯ ಒಂದಕ್ಷರವೂ ಬಾರದು. ಅವರ ಹೆಂಡತಿ ಶಾಂತಾಬಾಯಿಯವರಿಗೆ ಬರುವ ಮಾತಂತೂ ದೂರವೇ ಉಳಿಯಿತು. ಆ ಅಂಕಣಕ್ಕಾಗಿ ಅವರು ಎಷ್ಟೋ ದೀಪಾವಳಿಗಳಲ್ಲಿ ಜಗಳ ಆಡಿದರು, ಸೋತರು, ಕೊನೆಗೆ ಸೀರೆಗಳನ್ನೇ ಮಂಚದ ಕೆಳಗಿನ ಟ್ರಂಕಿಗೆ ಇಳಿಸಿ ಕೈತೊಳೆದುಕೊಂಡರು.

ರಾಯರು ಧಾರವಾಡದವರು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಊರಲ್ಲಿ ಮೇಷ್ಟ್ರ ಕೆಲಸಕ್ಕೆ ಕಾಯುವ ತಾಳ್ಮೆ ಇಲ್ಲದೆ, ಅಹಮದಾಬಾದಿನ ವಟ್ವಾದಲ್ಲಿದ್ದ ಒಂದು ಶಾಯಿ ಕಾರ್ಖಾನೆಗೆ ಬಂದು ಸೇರಿದವರು. ಅಚ್ಚಿನ ಶಾಯಿ, ಬರೆಯುವ ಶಾಯಿಯಲ್ಲ. ಎರಡು ವರ್ಷ ಇದ್ದು ಹೋಗುತ್ತೇನೆ ಎಂದು ಬಂದವರು ಅಲ್ಲೇ ತಲೆ ನರೆಸಿಕೊಂಡರು. ಬರಿಯ ಪತ್ರಿಕೆಯ ಕಪ್ಪು ಶಾಯಿ ಮಾಡುತ್ತಿದ್ದ ಆ ಸಣ್ಣ ಕಾರ್ಖಾನೆಗೆ ಬಣ್ಣದ ಹುಚ್ಚು ಹಿಡಿಸಿದ್ದೂ ಅವರೇ. ಸಂಜೆ ಮನೆಗೆ ಬಂದರೆ ಉಗುರಿನ ಸಂದಿಯಲ್ಲಿ ಇವತ್ತು ಯಾವ ಬಣ್ಣ ಎಂದು ನೋಡಿಯೇ ಶಾಂತಾಬಾಯಿ ಗಂಡನ ಮನಸ್ಸು ಹೇಗಿದೆ ಎಂದು ತಿಳಿಯುತ್ತಿದ್ದರು. ನೀಲಿ ಇದ್ದರೆ ಸಿಡುಕು. ಕೆಂಪಿದ್ದರೆ ಮಾತಿಗೆ ಕೊನೆಯೇ ಇಲ್ಲ.

ರಾಯರ ಬದುಕಿನೊಳಗೆ ಓಂಗ್ ಬಂದದ್ದು ಆ ಕೆಂಪಿನಿಂದಲೇ.

ಓಂಗ್ ಮಲೇಷ್ಯಾದ ಇಪೋ ಎಂಬ ಊರಿನವರು. ಚೀನೀ ಭಾಷೆಯ ಪತ್ರಿಕೆಗಳನ್ನು ಹೊರಡಿಸುವ ಒಂದು ಮನೆತನದ ಮೂರನೇ ಮಗ. ಅವರಿಗೆ ಒಂದು ಕೆಂಪು ಬೇಕಾಗಿತ್ತು. ಚೀನೀ ಹೊಸ ವರ್ಷದ ದಿನ ಪತ್ರಿಕೆಯ ಮುಖಪುಟ ಪೂರ್ತಿ ಕೆಂಪಾಗಿರಬೇಕು. ಆದರೆ ತೆಳ್ಳಗಿನ ಕಾಗದದ ಬೆನ್ನಿಗೆ ಅದು ಇಳಿಯಬಾರದು, ಆ ಊರಿನ ಸೆಕೆಯಲ್ಲಿ ಕಿತ್ತಳೆಗೆ ತಿರುಗಬಾರದು, ಓದುವವರ ಬೆರಳಿಗೂ ಹತ್ತಬಾರದು. ದೊಡ್ಡ ದೊಡ್ಡ ಕಂಪನಿಗಳ ಶಾಯಿ ತರಿಸಿ ನೋಡಿ ಬೇಸತ್ತಿದ್ದರು. ರಾಯರು ಹಟಕ್ಕೆ ಬಿದ್ದರು. ವಾರಗಟ್ಟಲೆ ಬಣ್ಣದ ಪುಡಿ, ಎಣ್ಣೆ, ವಾರ್ನಿಷ್ ಎಂದು ಒದ್ದಾಡಿ, ಕೊನೆಗೆ ಕುಂಕುಮಕ್ಕಿಂತ ಒಂದು ಪಾಲು ಗಾಢವಾದ ಕೆಂಪನ್ನು ತೆಗೆದರು. ವಟ್ವಾದ ಕೆಲಸಗಾರರು ಅದಕ್ಕೆ ಇಟ್ಟ ಹೆಸರು ‘ಓಂಗ್ ಲಾಲ್’. ಡಬ್ಬಿಯ ಮೇಲೆ ಬೇರೆ ಏನೇ ನಂಬರು ಇದ್ದರೂ ಯಾರೂ ಅದನ್ನು ಹೇಳುತ್ತಿರಲಿಲ್ಲ.

ಒಂದು ಸಲ ಓಂಗ್ ತಮ್ಮ ನಡುವಿನ ಅಣ್ಣನನ್ನು ಕರೆದುಕೊಂಡು ವಟ್ವಾಕ್ಕೆ ಬಂದರು. ರಾಯರು ಇಬ್ಬರನ್ನೂ ಮನೆಗೆ ಊಟಕ್ಕೆ ಕರೆತಂದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಡುವಿನ ಅಣ್ಣ ದಪ್ಪ ಮನುಷ್ಯ, ಎಲ್ಲದಕ್ಕೂ ಹೆದರುವವನು. ನೀರು ಕುದಿಸಿದ್ದೀರಾ ಎಂದು ಎರಡು ಸಲ ಕೇಳಿದ. ಚಟ್ನಿ ರುಚಿ ನೋಡಿದ ಮೇಲೆ ಮಾತ್ರ ಹೆದರಿಕೆ ಮರೆತು ಬೆರಳು ನೆಕ್ಕಿದ.

ಊಟವಾದ ಮೇಲೆ ಓಂಗ್ ತಮ್ಮ ಮನೆಯ ಕಥೆ ಹೇಳಿದರು. ತಂದೆ ತವರ ಗಣಿಯ ಕೂಲಿಗಳ ಜೊತೆಗೆ ಹಡಗಿನಲ್ಲಿ ಬಂದವನು. ಅಕ್ಷರ ಬಲ್ಲ ಒಬ್ಬನೇ ಒಬ್ಬ ಅಂತ ಅವನಿಂದ ಎಲ್ಲರೂ ಊರಿಗೆ ಕಾಗದ ಬರೆಸುತ್ತಿದ್ದರು. ಎಲ್ಲರ ಕಾಗದದಲ್ಲೂ ಕೇಳುವುದು ಅದೇ: ಹಡಗು ಯಾವಾಗ, ತವರದ ದರ ಏನು, ಊರಲ್ಲಿ ಯಾರು ಸತ್ತರು. ಅದನ್ನೇ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಹಂಚಿದ. ಅದು ಪತ್ರಿಕೆಯಾಯಿತು. ಜಪಾನೀ ಸೈನ್ಯ ಬಂದಾಗ ಸೀಸದ ಅಕ್ಷರಗಳನ್ನೆಲ್ಲ ಹಿತ್ತಲಿನಲ್ಲಿ ಹೂತಿಟ್ಟ. ಯುದ್ಧ ಮುಗಿದ ಮೇಲೆ ಹೆಂಡತಿಯ ಜೊತೆ ಕೂತು ಅಗೆದು, ತೊಳೆದು, ಒಂದೊಂದನ್ನೇ ಗೂಡಿಗೆ ಜೋಡಿಸಿದ. ಆಮೇಲೆ ಸಂಜೆ ಪತ್ರಿಕೆ ಬಂತು, ಮಕ್ಕಳ ವಾರಪತ್ರಿಕೆ ಬಂತು, ಸಿನಿಮಾದ್ದೊಂದು ಬಂತು. ಸಾಯುವಾಗ ಮೂವರು ಮಕ್ಕಳಿಗೆ ಸಮಪಾಲು ಕೊಟ್ಟು ಒಂದು ಕಟ್ಟಳೆ ಹಾಕಿದ. ಮೂವರಲ್ಲಿ ಇಬ್ಬರು ಒಪ್ಪದೆ ಪತ್ರಿಕೆ ಮನೆಯಿಂದ ಹೊರಗೆ ಹೋಗಕೂಡದು.

“ದೊಡ್ಡಣ್ಣನಿಗೆ ಮಾರುವ ಆಸೆ,” ಎಂದು ಓಂಗ್ ನಕ್ಕರು. “ನನಗಿಲ್ಲ. ಇವನು ನನ್ನ ಕಡೆ. ಇವನು ಗಟ್ಟಿಯಾಗಿರುವ ತನಕ ನಮ್ಮಪ್ಪನ ಅಕ್ಷರ ಎಲ್ಲೂ ಹೋಗುವುದಿಲ್ಲ.” ನಡುವಿನ ಅಣ್ಣ ಇನ್ನೊಂದು ರೊಟ್ಟಿಗೆ ಕೈಚಾಚಿದ.

ಅಲ್ಲಿಂದ ಮುಂದೆ ಪ್ರತಿ ವರ್ಷ ಹೊಸ ವರ್ಷದ ಸಂಚಿಕೆ ಅಂಚೆಯಲ್ಲಿ ಮಣಿನಗರಕ್ಕೆ ಬಂತು. ರಾಯರು ಮುಖಪುಟವನ್ನು ಹೆಬ್ಬೆರಳಿನಿಂದ ಉಜ್ಜಿ ನೋಡುವರು, ಬೆರಳು ಸ್ವಚ್ಛ ಇದ್ದರೆ ತಲೆದೂಗುವರು. ಪುಟ ತಿರುವಿ ಬೆನ್ನು ನೋಡುವರು. ಓದು ಅಷ್ಟೇ. ಆದರೂ ಅದನ್ನು ‘ನಮ್ಮ ಪೇಪರು’ ಎನ್ನುತ್ತಿದ್ದರು. ಕಂಡವರಿಗೆಲ್ಲ ಕಪಾಟು ತೆಗೆದು ತೋರಿಸುತ್ತಿದ್ದರು. ಮನುಷ್ಯನಿಗೆ ತಾನು ಓದಲಾರದ ಪತ್ರಿಕೆಯ ಮೇಲೆ ಅಷ್ಟು ಮೋಹ ಹೇಗೆ ಹುಟ್ಟುತ್ತದೋ! ಆದರೆ ಹುಟ್ಟಿತ್ತು, ಸುಳ್ಳಲ್ಲ.

ಮಗಳು ಸಂಜನಾಳ ಮದುವೆ ವಡೋದರಾದಲ್ಲಿ ನಿಶ್ಚಯವಾಯಿತು. ಅಳಿಯನ ಮನೆಯವರು ಗುಜರಾತಿನಲ್ಲೇ ಬೇರು ಬಿಟ್ಟವರು. ಹಾಗಾಗಿ ಲಗ್ನಪತ್ರಿಕೆಯ ಜೊತೆಗೆ ಗುಜರಾತಿ ಕರೆಯೋಲೆಯಾದ ಕಂಕೋತ್ರಿಯೂ ಅಚ್ಚಾಯಿತು. ಕಂಕೋತ್ರಿಗೆ ಕುಂಕುಮದ ಹನಿ ಚಿಮುಕಿಸಿ, ಮೊದಲನೆಯದನ್ನು ಗಣಪತಿಗೆ ಇಟ್ಟು, ಆಮೇಲೆ ಹಿರಿಯರಿಗೆ ಕೊಡುವುದು ಅಲ್ಲಿನ ಪದ್ಧತಿ. ರಾಯರಿಗೆ ಅಲ್ಲೊಂದು ಯೋಚನೆ ಹೊಳೆಯಿತು. ಊರಿಗೆಲ್ಲ ಪೆನ್ನಿನಲ್ಲಿ ಹೆಸರು ಬರೆದರು. ಓಂಗ್ ಮತ್ತು ಅವರ ನಡುವಿನ ಅಣ್ಣನ ಪ್ರತಿಗಳಿಗೆ ಮಾತ್ರ ವಟ್ವಾದಿಂದ ಚಿಟಿಕೆಯಷ್ಟು ಓಂಗ್ ಲಾಲ್ ತಂದರು. ಅವರಿಬ್ಬರ ವಿಸಿಟಿಂಗ್ ಕಾರ್ಡು ಮುಂದಿಟ್ಟುಕೊಂಡು, ಸಣ್ಣ ಕುಂಚ ಹಿಡಿದು, ಆ ಚೀನೀ ಅಕ್ಷರಗಳನ್ನು ಗೆರೆಗೆ ಗೆರೆ ಕೂಡಿಸಿ ತಿದ್ದಿದರು. ಎಷ್ಟೋ ಹಾಳೆ ಹಾಳಾದವು. ಮದುವೆಯ ಮನೆಯಲ್ಲಿ ಹೆಣ್ಣಿನ ತಂದೆ ಇದೇನು ಚಿತ್ರ ಬಿಡಿಸುತ್ತ ಕೂತಿದ್ದಾನೆ ಎಂದು ಬೀಗರು ನಕ್ಕರು. ಕೊನೆಗೆ ಎರಡೂ ಹೆಸರು ಅಚ್ಚು ಹಾಕಿದ ಹಾಗೆ ಮೂಡಿದವು. ಅಷ್ಟು ಚೆಂದದ ಕೆಲಸವನ್ನು ರಾಯರು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ಮದುವೆಗೆ ಅವರು ಬರಲಿಲ್ಲ. ಓಂಗ್‌ರಿಂದ ಒಂದು ಕೆಂಪು ಲಕೋಟೆ ಬಂತು, ಮಗಳಿಗೆ ಆಶೀರ್ವಾದ, ರಾಯರಿಗೆ ಎರಡು ಸಾಲು ವಂದನೆ. ಅದೇ ವರ್ಷ ವಟ್ವಾ ಕಾರ್ಖಾನೆಯ ಮಾಲೀಕ ಸೇಠರು ಸುದ್ದಿ ಹೇಳಿದರು: ಓಂಗ್‌ರ ಪತ್ರಿಕೆಗಳನ್ನು ತಾಳೆಎಣ್ಣೆಯ ದೊಡ್ಡ ಕಂಪನಿಯೊಂದು ಕೊಂಡುಕೊಂಡಿದೆ, ಇನ್ನು ನಮ್ಮ ಶಾಯಿ ಅವರಿಗೆ ಬೇಡ. ಮುಂದಿನ ಹೊಸ ವರ್ಷಕ್ಕೆ ಸಂಚಿಕೆ ಬರಲಿಲ್ಲ. ಅದರ ಮುಂದಿನ ವರ್ಷಕ್ಕೂ ಬರಲಿಲ್ಲ. ರಾಯರು ಬರೆದ ಕಾಗದಗಳಿಗೆ ಒಂದೆರಡು ಚುಟುಕು ಉತ್ತರ ಬಂದು ನಿಂತುಹೋಯಿತು. ತಾನು ಏನು ತಪ್ಪು ಮಾಡಿದೆ, ಓಂಗ್ ಯಾಕೆ ಮುಖ ತಿರುಗಿಸಿದ ಎಂಬುದೊಂದು ಮುಳ್ಳು ಅವರ ಎದೆಯಲ್ಲಿ ಉಳಿಯಿತು. ಕಾರ್ಖಾನೆಯಿಂದ ನಿವೃತ್ತರಾದರು, ಮೊಮ್ಮಗಳು ಹುಟ್ಟಿದಳು, ಅಳಿಯ ಹಜೀರಾದ ಕಾರ್ಖಾನೆಗೆ ಸೇರಿ ವಾರಕ್ಕೊಮ್ಮೆ ವಡೋದರಾಕ್ಕೆ ಬರುವಂತಾಯಿತು. ಮುಳ್ಳು ಮಾತ್ರ ಇದ್ದಲ್ಲೇ ಇತ್ತು. ಹೊಸ ವರ್ಷದ ಹೊತ್ತಿಗೆ ಅಂಚೆಯವನ ದಾರಿ ಕಾಯುವುದನ್ನು ಅವರು ಬಿಡಲೇ ಇಲ್ಲ.

ಈ ವರ್ಷ ಅಂಚೆಯವನ ಬದಲು ಒಬ್ಬ ಹೆಂಗಸು ಬಂದಳು. ನಲವತ್ತು ದಾಟಿದ ವಯಸ್ಸು, ಬಿಳಿ ಅಂಗಿ, ತೋಳಿಗೆ ಒಂದು ಚೂರು ಬಟ್ಟೆ ಪಿನ್ನಿನಿಂದ ಚುಚ್ಚಿಕೊಂಡಿದ್ದಳು. ಓಂಗ್‌ರ ಮಗಳು, ಹೆಸರು ಮೇ ಯಿನ್. ಅವಳೂ ರಾಯರೂ ಇಂಗ್ಲಿಷಿನಲ್ಲಿ ಮಾತಾಡಿದರು. ಹೆಸರು ಕೇಳಿದ್ದೇ ತಡ, ರಾಯರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವಳಿಗೆ ಬಾಯಿ ತೆಗೆಯಲೂ ಪುರುಸೊತ್ತು ಕೊಡದೆ ಕಪಾಟು ತೆರೆದರು, ಪತ್ರಿಕೆಗಳನ್ನು ತೋರಿಸಿದರು, ಶಾಂತಾಬಾಯಿಗೆ ಚಹಾಕ್ಕೆ ಕೂಗಿದರು. ಆಮೇಲೆ ಮೊಮ್ಮಗಳು ಬಿಟ್ಟುಹೋಗಿದ್ದ ಕೆಂಪು ಸ್ಕೆಚ್ ಪೆನ್ನು ಸಿಕ್ಕಿತು. “ನೋಡು, ನಿಮ್ಮಪ್ಪನ ಹೆಸರು ಇನ್ನೂ ನನ್ನ ಕೈಗೆ ನೆನಪಿದೆ,” ಎಂದು ಕ್ಯಾಲೆಂಡರಿನ ಹಿಂಬದಿಗೆ ಮೂರಕ್ಷರ ಬರೆದು ಅವಳ ಮುಂದೆ ಹಿಡಿದರು.

ಮೇ ಯಿನ್ ಅದನ್ನು ನೋಡಿದಳು. ಕಣ್ಣು ತುಂಬಿ ಬಂತು.

“ಈಗ ಬರೆಯಬಹುದು, ಅಂಕಲ್,” ಎಂದಳು, ತೋಳಿನ ಸೂತಕದ ಬಟ್ಟೆ ಮುಟ್ಟಿಕೊಂಡು. “ಅಪ್ಪ ಹೋಗಿ ತಿಂಗಳಾಯಿತು. ಎಂಬತ್ನಾಲ್ಕು ತುಂಬಿತ್ತು. ನಮ್ಮ ಮನೆತನದಲ್ಲಿ ಎಂಬತ್ತು ದಾಟಿ, ಮೊಮ್ಮಕ್ಕಳನ್ನು ಕಂಡು ಹೋದವರ ಹೆಸರನ್ನು ಕೆಂಪಿನಲ್ಲಿ ಬರೆಯುತ್ತಾರೆ. ತುಂಬು ಬಾಳು ಎಂದು.”

ರಾಯರು ಕುರ್ಚಿ ಹಿಡಿದುಕೊಂಡು ಕೂತರು. ಓಂಗ್ ಇಲ್ಲ ಎನ್ನುವುದು ಒಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ಅದರ ಬೆನ್ನಿಗೇ ಇನ್ನೊಂದು ಮಾತು ಎದ್ದು ಕೂತಿತು. ರಾಯರು ರಸಾಯನದವರು, ಹೇಳಿದ್ದರ ಜೊತೆಗೆ ಹೇಳದೆ ಉಳಿದದ್ದನ್ನೂ ನೋಡುವ ಅಭ್ಯಾಸ.

“ಈಗ ಬರೆಯಬಹುದು ಎಂದೆಯಲ್ಲ. ಮೊದಲು ಬರೆಯಬಾರದಿತ್ತೇ?”

ಅವಳು ಚಹಾದ ಲೋಟವನ್ನು ಎತ್ತಿಕೊಂಡಳು. ಕುಡಿಯಲಿಲ್ಲ.

“ಬದುಕಿರುವವರ ಹೆಸರನ್ನು ಕೆಂಪಿನಲ್ಲಿ ಬರೆದರೆ ಏನಾಗುತ್ತದೆ, ಮೇ ಯಿನ್?”

“ಅದೆಲ್ಲ ಹಳಬರ ನಂಬಿಕೆ, ಅಂಕಲ್.”

“ಏನು ನಂಬಿಕೆ?”

“ಸಾವನ್ನು ಕರೆದ ಹಾಗೆ ಎಂದು,” ಎಂದಳು ಅವಳು ತಲೆ ಎತ್ತದೆ. “ಅಪ್ಪ ನಿಮಗೆ ಹೇಳಕೂಡದು ಎಂದಿದ್ದರು. ನನ್ನ ಬಾಯಿ ಜಾರಿತು.”

ಆಮೇಲೆ ರಾಯರು ಬಿಡಲಿಲ್ಲ. ಒಂದೊಂದೇ ಮಾತು ಹೊರಗೆ ಬಂತು. ಮದುವೆಯ ಕರೆಯೋಲೆ ಇಪೋ ತಲುಪಿದಾಗ ನಡುವಿನ ಅಣ್ಣ ಹೃದಯದ ಆಪರೇಷನ್ ಮಾಡಿಸಿಕೊಂಡು ಮಲಗಿದ್ದ. ಲಕೋಟೆ ಒಡೆದರೆ ಒಳಗೆ ತನ್ನ ಹೆಸರು, ಅದೂ ಮನೆಯ ಪತ್ರಿಕೆಯ ಕೆಂಪಿನಲ್ಲಿ. ಇಂಗ್ಲಿಷಿನಲ್ಲಿ ಬರೆದಿದ್ದರೆ ಪರದೇಶದವರ ಅಂದ ಚೆಂದ ಎಂದು ಸುಮ್ಮನಾಗುತ್ತಿದ್ದನೇನೋ. ಚೀನೀ ಅಕ್ಷರದಲ್ಲಿ, ಗೆರೆಗೆ ಗೆರೆ ಒಪ್ಪವಾಗಿ ಇತ್ತು. ಆ ಕೆಂಪು ನನ್ನನ್ನು ಕರೆಯುತ್ತಿದೆ, ಆ ಪತ್ರಿಕೆಯ ಸಹವಾಸವೇ ಬೇಡ ಎಂದು ಹುಯ್ಯಲಿಟ್ಟ. ತಮ್ಮನಾದ ಓಂಗ್ ಹೋಗಿ ಕಾಲು ಹಿಡಿದರೂ ಕೇಳಲಿಲ್ಲ. ವಾರ ತುಂಬುವುದರೊಳಗೆ ದೊಡ್ಡಣ್ಣನ ಕಡೆ ಸೇರಿ ಸಹಿ ಹಾಕಿದ. ಮೂವರಲ್ಲಿ ಇಬ್ಬರು ಒಪ್ಪಿದ ಹಾಗಾಯಿತು. ತಂದೆ ಹಾಕಿದ ಕಟ್ಟಳೆಯೇ ಪತ್ರಿಕೆಯನ್ನು ಮನೆಯಿಂದ ಹೊರಗೆ ದಾಟಿಸಿತು.

“ಅವರು, ನಿಮ್ಮ ನಡುವಿನ ದೊಡ್ಡಪ್ಪ, ಆಮೇಲೆ...”

“ಇನ್ನೂ ಹತ್ತು ವರ್ಷ ಗುಂಡುಕಲ್ಲಿನ ಹಾಗೆ ಇದ್ದರು,” ಎಂದಳು ಮೇ ಯಿನ್. ಅವಳ ತುಟಿಯಲ್ಲಿ ನಗು ಬಂದು ಕೆಟ್ಟಿತು.

ಕೊಂಡವರು ಮೊದಲು ಮಕ್ಕಳ ಪತ್ರಿಕೆ ಮುಚ್ಚಿದರು. ಆಮೇಲೆ ಸಂಜೆಯದು. ಬೇರೆ ಎರಡು ಪತ್ರಿಕೆಗಳ ಜೊತೆ ಸೇರಿಸಿ ಒಂದು ಗುಂಪು ಮಾಡಿದರು, ಅದನ್ನು ಇನ್ನೊಬ್ಬರಿಗೆ ಮಾರಿದರು. ಹೂತಿಟ್ಟು ತೆಗೆದ ಸೀಸದ ಅಕ್ಷರಗಳು ತೂಕಕ್ಕೆ ಹೋದವು. ಕೊರೋನಾ ಬಂದಾಗ ಅಚ್ಚು ನಿಂತದ್ದು ಮತ್ತೆ ಶುರುವಾಗಲಿಲ್ಲ. ಈಗ ಮೊಬೈಲಿನಲ್ಲಿ ಮಾತ್ರ ಇದೆ. ಓಂಗ್ ಸತ್ತ ಸುದ್ದಿಯನ್ನು ಅವರದೇ ಪತ್ರಿಕೆ ಮೊಬೈಲಿನಲ್ಲಿ ಹಾಕಿತ್ತು, ಕೂದಲು ಉದುರದಂತೆ ಹಚ್ಚುವ ಎಣ್ಣೆಯೊಂದರ ಜಾಹೀರಾತಿನ ಕೆಳಗೆ.

“ನಿಮ್ಮಪ್ಪನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲವೇ?” ಎಂದು ರಾಯರು ಕೇಳಿದರು.

“ಅಪ್ಪನ ಹೆಸರಿದ್ದ ಆ ಕರೆಯೋಲೆಯನ್ನು ಸುಟ್ಟುಬಿಡು ಎಂದು ಅಮ್ಮ ಅತ್ತಳು. ಅಪ್ಪ ಸುಡಲಿಲ್ಲ. ಭೀಮಸೇನನಿಗೆ ಹೇಳಬೇಡಿ, ಅವನು ತನ್ನ ಕೆಂಪನ್ನು ತಾನೇ ದ್ವೇಷ ಮಾಡುತ್ತಾನೆ, ಅಷ್ಟೇ ಅಂದರು. ಕಾಗದ ಬರೆದರೆ ಎಲ್ಲಿ ಬಾಯಿಬಿಟ್ಟುಬಿಡುತ್ತೇನೋ ಎಂದು ಬರೆಯುವುದನ್ನೇ ನಿಲ್ಲಿಸಿದರು.” ಅವಳು ಚೀಲದಿಂದ ಒಂದು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟಳು. “ಕೊನೆಗಾಲಕ್ಕೆ ಒಂದೇ ಆಸೆ ಹೇಳಿದರು. ನನ್ನ ಸಾವಿನ ಸುದ್ದಿ ಕಾಗದದ ಮೇಲೆ ಬರಬೇಕು, ಒಂದೇ ಹಾಳೆಯಾದರೂ ಸರಿ. ನಮ್ಮಪ್ಪ ಶುರು ಮಾಡಿದ ಹಾಗೆ. ಹೆಸರು ಅಹಮದಾಬಾದಿನ ಕೆಂಪಿನಲ್ಲಿರಬೇಕು. ಅದಕ್ಕೇ ಬಂದೆ. ಹಾಳೆಯ ಬರಹ ಇದರಲ್ಲಿದೆ.”

ರಾಯರು ಎದ್ದು ಒಳಗಿನ ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಶಾಂತಾಬಾಯಿ ಬಂದು ಮಗ್ಗುಲಲ್ಲಿ ಕೂತರು. ಇಂಗ್ಲಿಷ್ ಪೂರ್ತಿ ತಿಳಿಯದಿದ್ದರೂ ವಿಷಯ ತಿಳಿದಿತ್ತು.

“ಏಳ್ರಿ. ಆ ಹುಡುಗಿ ಒಬ್ಬಾಕೀನ ಕೂತಾಳ.”

“ನನ್ನ ಕೈಲೆ ಆಗೂದಿಲ್ಲ, ಶಾಂತಾ. ಅವರ ಮನೀ ಮುರದಾಂವ ನಾ. ಮತ್ತ ನನ್ನ ಕೈಲೇ ಕೆಂಪು ಕಲಿಸು ಅಂತಾರ.”

“ನೀವೇನು ಕೇಡು ಬಯಸಿ ಬರದಿದ್ರೇನು?”

“ಬಯಸಲಿಲ್ಲ ಅಂದ್ರ ಆತೇನು? ಆಗೂದು ಆಗಿ ಹೋತಲ್ಲ!” ರಾಯರು ಅಷ್ಟು ಹೊತ್ತಿನಿಂದ ತಡೆದದ್ದನ್ನು ತಡೆಯಲಾರದೆ ಅತ್ತರು. “ಎಷ್ಟು ಚಂದ ಬರದಿದ್ನೆಲ್ಲ, ಶಾಂತಾ. ನೀನೂ ನೋಡಿದ್ದಿ.”

ಶಾಂತಾಬಾಯಿ ಸೆರಗಿನಿಂದ ಗಂಡನ ಮುಖ ಒರೆಸಿದರು. ಆಮೇಲೆ ದನಿ ಗಡುಸು ಮಾಡಿದರು. “ಬರೀಬಾರದ ಹೊತ್ತಿನ್ಯಾಗ ಯಾರೂ ಹೇಳಲಾರದ ಕೂತು ಬರದ್ರಿ. ಈಗ ಬರೀಬೇಕಾದ ಹೊತ್ತು ಬಂದದ, ಮನೀತನಕ ಬಂದು ಕೇಳ್ಲಿಕ್ಕತ್ತಾಳ, ಗ್ವಾಡಿ ಕಡೆ ಮಾರಿ ಮಾಡಿ ಮಲಗೀರಿ. ಇದು ಮಾತ್ರ ಖರೇ ತಪ್ಪು ನೋಡ್ರಿ.”

ಮರುದಿನ ರಾಯರು ವಟ್ವಾಕ್ಕೆ ಹೋದರು. ಸೇಠರು ಹೋಗಿ ಅವರ ಮಕ್ಕಳ ಕಾಲ, ಈಗ ಅಲ್ಲಿ ಪ್ಲಾಸ್ಟಿಕ್ ಚೀಲದ ಶಾಯಿ ಮಾತ್ರ ಮಾಡುತ್ತಾರೆ. ಹಳೆಯ ಪರಿಚಯದವರು ಹುಡುಕಿ ಒಂದು ಹಿಡಿ ಬಣ್ಣದ ಪುಡಿ ಕೊಟ್ಟರು. ಮನೆಯ ಬಾಲ್ಕನಿಯಲ್ಲಿ ದಪ್ಪ ಗಾಜಿನ ಹಲಗೆಯ ಮೇಲೆ ರಾಯರು ಅದನ್ನು ಎಣ್ಣೆ ಹಾಕಿ ಅರೆದರು. ಮೇ ಯಿನ್ ಪಕ್ಕದಲ್ಲಿ ಮೊಣಕಾಲೂರಿ ಕೂತು ಹಲಗೆ ಅಲುಗದಂತೆ ಹಿಡಿದುಕೊಂಡಳು. ಕೆಂಪು ಮೆಲ್ಲಗೆ ಹದಕ್ಕೆ ಬಂತು, ಕುಂಕುಮಕ್ಕಿಂತ ಒಂದು ಪಾಲು ಗಾಢವಾಗಿ.

ಅಚ್ಚಿಗೆ ಸಿಕ್ಕಿದ್ದು ಹಳೆ ಅಹಮದಾಬಾದಿನ ರಾಯಪುರದ ಒಂದು ಕಂಕೋತ್ರಿ ಪ್ರೆಸ್ಸು. ಅದರ ಯಜಮಾನ ಮಂಥನ್‌ಭಾಯಿಗೆ ಇದು ಮದುವೆಯ ಹಂಗಾಮು, ಉಸಿರಾಡಲು ಬಿಡುವಿಲ್ಲ. ಆದರೂ ರಾಯರ ಹಳೆಯ ಗುರುತಿಗೆ ಒಪ್ಪಿಕೊಂಡ. ಹಾಳೆಯಲ್ಲಿ ಏನಿದೆ ಎಂದು ತಿಳಿದಾಗ ಮಾತ್ರ ಕೈ ಹಿಂದಕ್ಕೆ ತೆಗೆದ.

“ಕಾಕಾ, ಮರಣನೋ ಕಾಗಳ್ ಲಾಲ್‌ಮಾ?” ಸಾವಿನ ಕಾಗದ ಕೆಂಪಿನಲ್ಲೇ? ಇದೇ ಮೆಷಿನ್ನಿನಲ್ಲಿ ನಾಳೆ ನಾಲ್ಕು ಮನೆಯ ಮದುವೆಯ ಕರೆಯೋಲೆ ಅಚ್ಚಾಗಬೇಕು, ಅಪಶಕುನ ಎಂದ.

ಅಲ್ಲ, ಅವನದಾದರೂ ಏನು ತಪ್ಪು? ಇಪೋದಲ್ಲಿ ಹಾಸಿಗೆಯ ಮೇಲೆ ಕೂತು ಹೆದರಿದ ಆ ದಪ್ಪ ಮನುಷ್ಯನ ಮುಖವನ್ನೇ ರಾಯರು ಮಂಥನ್‌ಭಾಯಿಯ ಮುಖದಲ್ಲಿ ಕಂಡರು. ಅವರಿಗೆ ಸಿಟ್ಟು ಬರಲಿಲ್ಲ. ಅವನ ಭುಜದ ಮೇಲೆ ಕೈಯಿಟ್ಟು, ಅವರ ಊರಲ್ಲಿ ಇದು ತುಂಬು ಬಾಳಿನ ಹಬ್ಬದ ಹಾಗೆ, ನಿನ್ನ ಗಿರಾಕಿಗಳಿಗೆ ಕೇಡಾಗುವುದಿಲ್ಲ ಎಂದು ಮೆತ್ತಗೆ ಹೇಳಿದರು. ಅವನು ಕರೆಯೋಲೆಗಳ ಕಟ್ಟನ್ನೆಲ್ಲ ಮೊದಲು ಆಚೆಯ ಕೋಣೆಗೆ ಸಾಗಿಸಿ, ಮೆಷಿನ್ನಿಗೆ ಗಂಗಾಜಲ ಚಿಮುಕಿಸುವ ಕರಾರಿನ ಮೇಲೆ ಒಪ್ಪಿದ.

ಹಾಳೆಗಳು ಬಂದವು. ಸಾಲು ಸಾಲು ಕಪ್ಪು ಅಕ್ಷರ, ನಡುವೆ ದೊಡ್ಡದಾಗಿ ಆ ಮೂರು ಕೆಂಪಕ್ಷರ. ಮೇ ಯಿನ್ ಒಂದನ್ನು ಎದೆಗೊತ್ತಿಕೊಂಡು ಅತ್ತಳು. ತಮ್ಮ ಕುಲದವರ ಸಭಾಮಂದಿರದ ಗೋಡೆಗೆ ಹಚ್ಚಲು ಉಳಿದವನ್ನು ಕಟ್ಟಿಕೊಂಡಳು. ರಾಯರಿಗೊಂದು ಹಾಳೆ ಬಿಟ್ಟು, ಅವರ ಕಾಲು ಮುಟ್ಟಿ, ಅಂದೇ ವಿಮಾನ ಹತ್ತಿದಳು.

ಆ ಹಾಳೆಯನ್ನು ರಾಯರು ಬಾಲ್ಕನಿಯ ದಾರಕ್ಕೆ ಚಿಮುಟಿ ಹಾಕಿ ತೂಗುಹಾಕಿದ್ದರು. ಭಾನುವಾರ ಸಂಜನಾ ವಡೋದರಾದಿಂದ ಬಂದಳು. ಚಪ್ಪಲಿ ಬಿಡುತ್ತಲೇ ಅದು ಕಣ್ಣಿಗೆ ಬಿತ್ತು. ಗುಜರಾತಿನಲ್ಲೇ ಬೆಳೆದ ಹುಡುಗಿ, ಅವಳ ಕನ್ನಡಕ್ಕೆ ಹಿಂದಿಯ ಊರುಗೋಲು ಬೇಕೇ ಬೇಕು.

“ಅರೆ ಅಪ್ಪಾ, ಇದು ನನ್ನ ಕಂಕೋತ್ರಿ ವಾಲಾ ರೆಡ್ ಅಲ್ಲಾ? ಸೇಮ್ ಟು ಸೇಮ್! ನೀವು ಓಂಗ್ ಅಂಕಲ್‌ಗೆ ಬರದಿದ್ರಲ್ಲಾ, ಬ್ರಶ್ ತಗೊಂಡು? ನಾನು ಎಲ್ಲರಿಗೆ ಹೇಳ್ತೀನಿ, ನನ್ನ ಶಾದೀದಾಗ ಅದೇ ಸಬ್‌ಸೇ ಬೆಸ್ಟ್ ಇತ್ತು ಅಂತ.”

ಅಡುಗೆಮನೆಯ ಬಾಗಿಲಲ್ಲಿ ಶಾಂತಾಬಾಯಿ ಲಟ್ಟಣಿಗೆ ಹಿಡಿದುಕೊಂಡು ನಿಂತುಬಿಟ್ಟರು. ರಾಯರು ಹಾಳೆಯ ಹತ್ತಿರ ಹೋಗಿ ಹೆಸರಿನ ಮೇಲೆ ಹೆಬ್ಬೆರಳು ಉಜ್ಜಿದರು. ಬೆರಳಿಗೆ ಬಣ್ಣ ಹತ್ತಲಿಲ್ಲ. ಮಗಳಿಗೆ ಎಲ್ಲವನ್ನೂ ಹೇಳಿ ಎದೆ ಹಗುರ ಮಾಡಿಕೊಳ್ಳಬೇಕು ಎಂದು ಬಾಯಿಯ ತನಕ ಬಂತು. ಅವಳು ನಗುತ್ತ, ಮೊಬೈಲಿನಲ್ಲಿ ಆ ಕೆಂಪಿನ ಫೋಟೋ ತೆಗೆಯುತ್ತಿದ್ದಳು.

“ಹೌದವ್ವಾ, ಅದ ಕೆಂಪು,” ಎಂದರು ರಾಯರು. “ನಿನ್ನ ಮದುವಿ ಕೆಂಪು. ಭಾಳ ಛಲೋ ಬಂದದ.”

ಹಾಳೆಯನ್ನು ದಾರದಿಂದ ತೆಗೆದು ನಾಲ್ಕು ಮಡಿಕೆ ಮಾಡಿ ಕಪಾಟಿನಲ್ಲಿಟ್ಟರು. ಓಂಗ್ ಇಷ್ಟು ವರ್ಷ ಯಾಕೆ ಕಾಗದ ಬರೆಯಲಿಲ್ಲ ಎಂಬುದು ಅವರಿಗೆ ಆಗ ಪೂರ್ತಿಯಾಗಿ ತಿಳಿಯಿತು.